ಖಾಲಿ ಡಬ್ಬಿಯ ಸಮಾಚಾರ

ಚಿಕ್ಕಮಗಳೂರು
10 ನವೆಂಬರ್ 2024

ಪವಿತ್ರಾ,

ಮದುವೆಯಾದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು. ಮದುವೆಗೆ ಮುಂಚೆ ಬರೆದದ್ದೂ ಒಂದೇ. ಅದರಲ್ಲಿದ್ದ ಪ್ರಾಸ ನೋಡಿ, ಹುಡುಗನಿಗೆ ಬೇರೆ ಕೆಲಸ ಇದೆಯಾ ಎಂದು ನಿಮ್ಮಪ್ಪ ವಿಚಾರಿಸಿದ್ದರಂತೆ. ಈಗಿನದು ಡಾಕ್ಟರ್ ತನುಜಾ ಅವರ ಆಜ್ಞೆ. ಫೋನಿನಲ್ಲಿ ನಮ್ಮಂಥವರ ಬಾಯಿಗೆ ಬ್ರೇಕ್ ಇರುವುದಿಲ್ಲ, ಬರೆದರೆ ಹೊಡೆದುಹಾಕಬಹುದು ಎನ್ನುತ್ತಾರೆ. ನೀನು ಬರೆಯುವುದನ್ನು ಧನ್ಯಾಳೂ ಓದುತ್ತಾಳೆ. ಮಗಳ ಬೆನ್ನ ಹಿಂದೆ ಮಾತಿಲ್ಲ ಎನ್ನುವುದು ಎರಡನೇ ಆಜ್ಞೆ.

ನಿನ್ನೆ ಗುಂಪಿನ ಮೊದಲ ಶನಿವಾರ. ಕ್ಲಿನಿಕ್ಕಿನ ಮಹಡಿಯಲ್ಲಿ ಗುಂಡಗೆ ಜೋಡಿಸಿದ ಪ್ಲಾಸ್ಟಿಕ್ ಕುರ್ಚಿಗಳು, ನಾಲ್ಕು ಮನೆಯವರು. ಎಲ್ಲರ ಮಕ್ಕಳೂ ಕಾಲೇಜು ವಯಸ್ಸಿನವರು, ಎಲ್ಲರಿಗೂ ಊಟದ ಜೊತೆ ಜಗಳ. ನಮ್ಮವಳು ತಿನ್ನುವುದಿಲ್ಲ. ಮೂಡಿಗೆರೆಯ ಅಶ್ವಿನ್ ಎಂಬ ಹುಡುಗ ಸಿಕ್ಕಿದ್ದೆಲ್ಲ ತಿಂದು, ಬಚ್ಚಲಿಗೆ ಹೋಗಿ ಎಲ್ಲವನ್ನೂ ಹಿಂದಿರುಗಿಸುತ್ತಾನೆ. ಅವನ ಅಪ್ಪ ಜಯಪ್ರಕಾಶ್ ದೊಡ್ಡ ಪ್ಲಾಂಟರು, ದೊಡ್ಡ ಮೀಸೆ, ಮಗನ ಪಕ್ಕದಲ್ಲಿ ಮಾತ್ರ ಸಣ್ಣ ದನಿ.

ಡಾಕ್ಟರದ್ದು ದನಿ ಮೆತ್ತಗೆ, ಕಣ್ಣು ನೆಟ್ಟಗೆ. ಬಂದವರೇ ಹೇಳಿದರು: "ಇವತ್ತಿಂದ ಮಕ್ಕಳನ್ನ 'ಊಟ ಆಯ್ತಾ' ಅಂತ ಕೇಳೋ ಹಾಗಿಲ್ಲ. 'ತಿಂಡಿ ಆಯ್ತಾ' ಅಂತಲೂ ಇಲ್ಲ. ದೂರದಿಂದ ಕೇಳಿದ್ರೆ ಅವರು ಸುಳ್ಳು ಹೇಳ್ತಾರೆ, ನೀವು ನಂಬ್ತೀರಿ. ಕೇಳಬೇಡಿ, ಜೊತೇಲಿ ಕೂತು ಉಣ್ಣಿ." ಈಗ ಮಕ್ಕಳ ಹತ್ತಿರ ಏನಾದರೂ ಮಾತಾಡಿ ಎಂದರು. ಆ ಪ್ರಶ್ನೆ ತೆಗೆದರೆ ನಮ್ಮ ಬಾಯಲ್ಲಿ ಉಳಿಯುವುದು ನಾಲಿಗೆ ಮಾತ್ರ. ಕೊನೆಗೆ ಜಯಪ್ರಕಾಶ್ ಸ್ವಂತ ಮಗನನ್ನು ಕೇಳಿದರು: "ನಿಮ್ ಕಡೆ ಮಳೆ ಹೆಂಗೆ?"

ನನ್ನ ಕಷ್ಟ ನಿನಗೆ ಗೊತ್ತು. ಕಳಸದಿಂದ ಕೊಪ್ಪದವರೆಗೆ ಯಾರ ಮನೆ ಮದುವೆಯಾದರೂ ಹೋಳಿಗೆ ಬುಟ್ಟಿ ಹಿಡಿದು ಸಾಲಿಗೆ ಇಳಿಯುವವನು ನಾನು. 'ನಾಚಬೇಡಿ ನೆಂಟರೇ, ಎಲೆಗೆ ಹೋಳಿಗೆ ಬಂದಿದೆ. ಬೇಡ ಅಂದರೆ ಬೀಗರ ಮನೆ ಮರ್ಯಾದೆ ಕುಂದಿದೆ.' ಊರೆಲ್ಲರ ಬಾಯಿಗೆ ತುರುಕಿದ ನನ್ನ ಪ್ರಾಸ ಮಗಳ ತಟ್ಟೆಯ ಮುಂದೆ ಬಾಯಿ ಮುಚ್ಚಿ ಕೂರಬೇಕು.

ಇನ್ನೊಂದನ್ನು ಸುತ್ತಿ ಬಳಸದೆ ಹೇಳುತ್ತೇನೆ. ಕಾಲೇಜಿನ ಮೆಟ್ಟಿಲ ಮೇಲೆ ಬಿದ್ದ ದಿನ ಅವಳ ಹೃದಯ ತೀರಾ ನಿಧಾನವಾಗಿ ಬಡಿಯುತ್ತಿತ್ತಂತೆ. ಡಿಸೆಂಬರ್ ಇಪ್ಪತ್ತೊಂದರ ಶನಿವಾರದೊಳಗೆ ಸ್ವಲ್ಪವಾದರೂ ಚೇತರಿಸಿಕೊಳ್ಳದಿದ್ದರೆ ಮಂಗಳೂರಿನಲ್ಲಿ ಅಡ್ಮಿಟ್ ಮಾಡಿ ಮೂಗಿಗೆ ನಳಿಕೆ ಹಾಕುತ್ತಾರೆ. ತೂಕದ ಮಿಷನ್ನಿನ ಮುಖವನ್ನು ಗೋಡೆಗೆ ತಿರುಗಿಸಿಟ್ಟಿದ್ದಾರೆ, ಅಂಕಿ ಡಾಕ್ಟರಿಗೆ ಮಾತ್ರ. ಹುಟ್ಟಿದಾಗಿನಿಂದ ಕಾಫಿ ತೂಕ ನೋಡಿಕೊಂಡೇ ಬಂದವನು ನಾನು. ಬಗ್ಗಿ ನೋಡಲು ಹೋಗಿ ಬೈಸಿಕೊಂಡೆ.

ನೀನೂ ಒಂದು ಶನಿವಾರ ಬರಲೇಬೇಕಂತೆ.

ರಾಜೀವ


ಸಂಸೆ
13 ನವೆಂಬರ್ 2024

ಇವರಿಗೆ,

ಪತ್ರ ತಲುಪಿತು. ಕಂಡಕ್ಟರ್ ಉಮೇಶ ಬಸ್ಸಿನಿಂದ ಇಳಿದು ಗೇಟಿನವರೆಗೆ ಬಂದು ಕೊಟ್ಟ. ಏನಕ್ಕಾ, ಅಣ್ಣ ಪತ್ರ ಬರೆಯುವಷ್ಟು ದೂರ ಹೋದರಾ ಎಂದು ನಗಾಡಿದ.

ನಾನು ಬರುವ ಮಾತು ಈಗ ಬೇಡ. ಹಣ್ಣು ಒಟ್ಟಿಗೇ ಕೆಂಪಾಗಿದೆ. ಮೇಸ್ತ್ರಿ ಕೃಷ್ಣಪ್ಪ ದಿನಕ್ಕೊಂದು ಕಡೆ ಆಳು ಬಿಟ್ಟು, ಕೇಳಿದರೆ ತಲೆ ಕೆರೆಯುತ್ತಾನೆ. ನಾನಿಲ್ಲದಿದ್ದರೆ ಅರ್ಧ ಕಾಫಿ ಮಂಗನ ಪಾಲು, ಇನ್ನರ್ಧ ಕೃಷ್ಣಪ್ಪನ ತಲೆಯ ಪಾಲು. ಕುರ್ಚಿ ಮೇಲೆ ಕೂತು ಮಾತಾಡುವ ಕೆಲಸ ನಿಮಗೇ ಸರಿ.

ಆದರೆ ಒಂದು ಹೇಳಿ. ಊಟ ಆಯ್ತಾ ಅಂತ ಕೇಳಬಾರದು, ಸರಿ. ಡಬ್ಬಿ ಖಾಲಿ ಆಯ್ತಾ ಅಂತ ಕೇಳಬಹುದಲ್ಲ? ಡಬ್ಬಿಗೇನು ಕಾಯಿಲೆ ಇಲ್ಲವಲ್ಲ? ಧನ್ಯಾಗೆ ಚಿಕ್ಕಂದಿನಿಂದ ನನ್ನ ಕಡುಬೆಂದರೆ ಪ್ರಾಣ. ಉಮೇಶನ ಕೈಲಿ ಸ್ಟೀಲ್ ಡಬ್ಬಿಯಲ್ಲಿ ಕಳಿಸಿದ್ದೇನೆ, ಜೊತೆಗೆ ಬೆಣ್ಣೆ, ಮಿಡಿ ಉಪ್ಪಿನಕಾಯಿ. ನೀವು ಏನೂ ಬರೆಯಬೇಡಿ. ಡಬ್ಬಿ ವಾಪಸ್ ಕಳಿಸಿ ಸಾಕು, ಅದನ್ನು ನೋಡಿ ನಾನೇ ತಿಳಿದುಕೊಳ್ಳುತ್ತೇನೆ. ಆದರೂ ಪಾತ್ರೆ ತೀರಾ ಬರಿದಾಗಿ ಮನೆಗೆ ಬರಬಾರದು, ನಿಮ್ಮ ಪತ್ರವನ್ನು ಅದರೊಳಗೇ ಇಡಿ.

ಪಕ್ಕದ ಮನೆ ದೇವೀರಮ್ಮ ನಿನ್ನೆ ಬೇಲಿ ಹತ್ತಿರ ನಿಲ್ಲಿಸಿ, "ಎಂಥ ಪವಿತ್ರಾ, ನಿನ್ ಮಗಳಿಗೆ ನೀನು ಎಂಥ ತಿನ್ಸಿ ಬೆಳ್ಸಿದ್ದು?" ಎಂದಳು. ಹಾಲು ಉಕ್ಕುತ್ತೆ ಅಂತ ಒಳಗೆ ಬಂದೆ. ಒಲೆ ಮೇಲೆ ಹಾಲು ಇಟ್ಟಿರಲಿಲ್ಲ.

ಪವಿತ್ರಾ


ಚಿಕ್ಕಮಗಳೂರು
17 ನವೆಂಬರ್ 2024

ಪವಿತ್ರಾ,

ಡಬ್ಬಿ ಇದರ ಜೊತೆಗಿದೆ. ಅಥವಾ ಇದು ಡಬ್ಬಿಯ ಜೊತೆಗಿದೆ.

ತುಂಬಿ ಬಂತು ಡಬ್ಬಿ, ಖಾಲಿ ಹೊರಟಿತು ಮರಳಿ;
ಹೆಚ್ಚು ಕೇಳಬೇಡ, ಸಂತೋಷಪಡು ಅರಳಿ.

ಇಲ್ಲಿ ಹಿಡಿದ ಬಾಡಿಗೆ ಕೋಣೆಯಲ್ಲಿ ಬೆಳಿಗ್ಗೆ ಮಧ್ಯಾಹ್ನ ರಾತ್ರಿ ಅವಳ ಎದುರಿಗೇ ಕೂರುತ್ತೇನೆ. ಡಾಕ್ಟರು ಹೇಳಿಕೊಟ್ಟ ಪ್ರಕಾರ ತಟ್ಟೆ ಬಿಟ್ಟು ಬೇರೆ ವಿಷಯ ಮಾತಾಡಬೇಕು. ಮೊನ್ನೆ ಒಂದು ಇಡ್ಲಿ ಮುಗಿಯುವಷ್ಟರಲ್ಲಿ ನಾನು ರೋಬಸ್ಟಾ ಗಿಡ ಕಸಿ ಮಾಡುವುದು, ಕುದುರೆಮುಖದಲ್ಲಿ ಮೈನಿಂಗ್ ನಿಂತದ್ದು, ನಿಮ್ಮಪ್ಪನ ಜೀಪು ಹೊಳೆಗೆ ಇಳಿದದ್ದು ಎಲ್ಲ ಹೇಳಿ ಮುಗಿಸಿದ್ದೆ. "ಅಪ್ಪಾ, ಇಡ್ಲಿಗಿಂತ ನಿನ್ನ ಕಥೆ ನುಂಗೋದು ಕಷ್ಟ" ಎಂದಳು. ಜಗಳವಾಡಿದರೂ ಇಡ್ಲಿ ಮುಗಿಯಿತು. ಕೆಲವು ದಿನ ಮುಗಿಯುವುದಿಲ್ಲ. ಆಗ ಅವಳ ಮುಖ ನೋಡಲಾಗುವುದಿಲ್ಲ, ತಟ್ಟೆಯಲ್ಲಿರುವುದು ಅನ್ನವಲ್ಲ, ಹಾವೇನೋ ಎನ್ನುವ ಹಾಗೆ ಕೂರುತ್ತಾಳೆ.

ಕಡುಬಿನ ಬಗ್ಗೆ ಬರೆಯುವುದಿಲ್ಲ. ಬರೆಯಬೇಡಿ ಎಂದು ನೀನೇ ಹೇಳಿದ್ದೀಯ. ಉಪ್ಪಿನಕಾಯಿ ಚೆನ್ನಾಗಿತ್ತು ಎಂದಷ್ಟೇ ಹೇಳಬಲ್ಲೆ.

ರಾಜೀವ


ಸಂಸೆ
20 ನವೆಂಬರ್ 2024

ಇವರಿಗೆ,

ಡಬ್ಬಿ ನೋಡಿದೆ. ಬೆಣ್ಣೆ ಕೂಡ ಬೆರಳಲ್ಲಿ ಸವರಿ ತಿಂದ ಹಾಗಿತ್ತು. ತಳದಲ್ಲಿ ಉಗುರಿನ ಗೆರೆ ಇತ್ತು ಮಾರಾಯ್ರೆ. ಒಲೆ ಮುಂದೆ ಒಬ್ಬಳೇ ನಗುತ್ತಾ ನಿಂತಿದ್ದೆ. ಕೃಷ್ಣಪ್ಪ ಹಾಜರಿ ಹೇಳಲು ಬಂದವನು ನೋಡಿ ಹೆದರಿ ಹೊರಟುಹೋದ.

ಈ ಸಲ ಅಡಿಕೆ ಕೊಯ್ಲಿಗೆ ಊಟ ಒಯ್ಯುವ ದೊಡ್ಡ ಡಬ್ಬಿ ಕಳಿಸಿದ್ದೇನೆ. ಕಡುಬು, ಕಾಯಿ ಹಾಲು ಹಾಕಿದ ಪಾಯಸ, ಅಕ್ಕಿ ರೊಟ್ಟಿ. ದೇವೀರಮ್ಮನ ಕಣ್ಣಿಗೆ ಬೀಳಲಿ ಎಂದೇ ಬೇಲಿಯ ಪಕ್ಕದಿಂದ ಹೊತ್ತುಕೊಂಡು ಹೋದೆ.

ನೋಡಿದಿರಾ, ನಾನು ಬರುವ ಅಗತ್ಯವೇ ಬೀಳಲಿಲ್ಲ. ಇಲ್ಲಿ ನನಗೇನೂ ತೊಂದರೆ ಇಲ್ಲ. ರಾತ್ರಿ ಒಲೆ ಹಚ್ಚುವ ಕೆಲಸ ಇಲ್ಲದೆ ಬೇಗ ಮಲಗುತ್ತೇನೆ. ಹೊರನಾಡಿನ ಅಮ್ಮನಿಗೂ ಒಂದು ಮಾತು ಹೇಳಿಟ್ಟಿದ್ದೇನೆ. ನಿಮ್ಮ ಡಾಕ್ಟರಿಗಿಂತ ಮುಂಚೆ ಅವಳೇ ಕಣ್ಣು ಬಿಟ್ಟಿದ್ದು ಅಂತ ನನಗೆ ಕಾಣುತ್ತದೆ.

ಪವಿತ್ರಾ


ಚಿಕ್ಕಮಗಳೂರು
1 ಡಿಸೆಂಬರ್ 2024

ಪವಿತ್ರಾ,

ಹೋದ ವಾರ ಡಬ್ಬಿಯ ಜೊತೆ ಪತ್ರ ಇಡದೆ ಬಾಳೆಹಣ್ಣು ಇಟ್ಟದ್ದಕ್ಕೆ ಕೋಪ ಬೇಡ. ಕೂತು ಬರೆಯಲು ಬಗ್ಗುವುದೇ ಕಷ್ಟವಾಗಿತ್ತು. ಹವಾಮಾನದ ದೋಷವಿರಬೇಕು. ದಯವಿಟ್ಟು ಸಣ್ಣ ಡಬ್ಬಿ ಕಳಿಸು. ಪಾಯಸ ಬೇಡವೇ ಬೇಡ. ಇದು ಪ್ರಾರ್ಥನೆ.

ನಿನ್ನೆ ಗುಂಪಿನಲ್ಲಿ ಒಂದು ಆಟ ಆಡಿಸಿದರು. ಮಕ್ಕಳು ಅಪ್ಪ ಅಮ್ಮ ಆಗಬೇಕು, ನಾವು ಮಕ್ಕಳಾಗಿ ತಟ್ಟೆ ಮುಂದೆ ಕೂರಬೇಕು. ಜಯಪ್ರಕಾಶರ ಮೀಸೆಗೆ ಸಾರು ಅಂಟಿದರೆ ಒರೆಸಲು ಅಶ್ವಿನ್ ಕರವಸ್ತ್ರ ಹಿಡಿದು ನಿಂತಿದ್ದ. ಧನ್ಯಾ ಟವೆಲ್ಲನ್ನು ನನ್ನ ಹಾಗೇ ಹೆಗಲಿಗೆ ಹಾಕಿಕೊಂಡು, ಸೌಟು ಹಿಡಿದು, ಸೊಂಟ ಬಳುಕಿಸಿಕೊಂಡು ಬಂದಳು:

"ಅನ್ನ ಹಾಕಲಾ ಮಗನೇ, ಸಾರು ಹಾಕಲಾ?
ಬೇಡ ಅಂದ್ರೆ ಬಿಡ್ತೀನಾ, ನಾನೇನು ಮೂಕನಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ, ಅವಳು ಕೈಯ ಮೇಲೇ ಅನ್ನ ಹಾಕಿದಳು. ಬಿಸಿ ಇತ್ತು. ಮದುವೆಮನೆಗಳಲ್ಲಿ ಎಷ್ಟು ಜನರ ಕೈ ಮೇಲೆ ನಾನು ಹೀಗೆ ಹಾಕಿರಬಹುದು ಎಂದು ಯೋಚಿಸುತ್ತಾ ಊದಿಕೊಂಡೆ. ಪ್ರಾಸ ಮಾತ್ರ ನನಗಿಂತ ಚೆನ್ನಾಗಿತ್ತು. ಅದು ರಕ್ತದಲ್ಲಿ ಬಂದದ್ದು.

ಆಮೇಲೆ ತೂಕ ನೋಡಿದರು. ಮಿಷನ್ನಿನ ಮುಖ ಗೋಡೆಗಿದ್ದರೂ ಡಾಕ್ಟರ ಮುಖ ನನ್ನ ಕಡೆಗಿತ್ತು.

ಇಪ್ಪತ್ತೊಂದು ಹತ್ತಿರ ಬರುತ್ತಿದೆ. ನೀನು ಬಂದರೆ ಒಳ್ಳೆಯದಿತ್ತು.

ರಾಜೀವ


ಸಂಸೆ
4 ಡಿಸೆಂಬರ್ 2024

ರಾಜೀವ್ ಅವರಿಗೆ,

ಉಮೇಶ ಡಬ್ಬಿ ಕೊಟ್ಟ. ಕೊಡುವಾಗ ಹೇಳಿದ: "ಮೊನ್ನೆ ಬಸ್ಸು ಹೊರಡೋಕೆ ಟೈಮಾಗಿತ್ತಕ್ಕ. ಅಣ್ಣ ಬಸ್‌ಸ್ಟ್ಯಾಂಡ್ ಬೆಂಚಲ್ಲೇ ಕೂತು ಎಲ್ಲ ಮುಗ್ಸಿ, ನಲ್ಲೀಲಿ ಡಬ್ಬಿ ತೊಳ್ದು ಕೊಟ್ರು. ಕೊನೇ ಕಡುಬು ಗಂಟ್ಲಿಗೆ ಸಿಕ್ಕಿ ಕಣ್ಣು ಮೇಲಾಗಿತ್ತು, ನಾನೇ ಬೆನ್ನಿಗೆ ಗುದ್ದಿದ್ದು. ನಿಮ್ ಕೈರುಚಿ ಅಂದ್ರೆ ಅಷ್ಟು ಜೀವ ನೋಡಿ ಅವ್ರಿಗೆ."

ಆ ಉಗುರಿನ ಗೆರೆ ನಿಮ್ಮದು.

ಧನ್ಯಾ ಉಣ್ಣುವ ತನಕ ರಾತ್ರಿ ಊಟ ಬಿಡುತ್ತೇನೆ ಎಂದು ಅವಳು ಬಿದ್ದ ದಿನವೇ ಹೊರನಾಡಿಗೆ ಹರಕೆ ಹೊತ್ತಿದ್ದೆ. ಖಾಲಿ ಡಬ್ಬಿ ನೋಡಿ ಫಲ ಕೊಡುತ್ತಿದೆ ಅಂತ ಇನ್ನೂ ಬಿಗಿಯಾಗಿ ಹಿಡಿದೆ. ನಾನು ಇಲ್ಲಿ ಬರೀ ಹೊಟ್ಟೆಯಲ್ಲಿ ಮಲಗಿದ್ದು ನಿಮ್ಮ ಹೊಟ್ಟೆ ಬೆಳೆಸಲು ಎಂದಾಯಿತು.

ಡಬ್ಬಿ ಇನ್ನು ಕಳಿಸುವುದಿಲ್ಲ. ಪ್ರಾಸ ಬರೆದರೆ ಪತ್ರವನ್ನೂ ಓದುವುದಿಲ್ಲ.

ಪವಿತ್ರಾ


ಚಿಕ್ಕಮಗಳೂರು
8 ಡಿಸೆಂಬರ್ 2024

ಪವಿತ್ರಾ,

ಪ್ರಾಸ ಇಲ್ಲ.

ನೀನು ಆ ಮೊದಲ ಡಬ್ಬಿ ಕಳಿಸಿದ ದಿನ ಧನ್ಯಾ ಅದನ್ನು ಮುಟ್ಟಲಿಲ್ಲ. ಮುಚ್ಚಳ ತೆಗೆದು ವಾಸನೆ ನೋಡಿ, ಮುಚ್ಚಿ, ನನ್ನ ಕಡೆ ತಳ್ಳಿದಳು. ತುಂಬಿದ ಡಬ್ಬಿಯನ್ನು ನಿನಗೆ ವಾಪಸ್ ಕಳಿಸುವ ಧೈರ್ಯ ನನಗೆ ಬರಲಿಲ್ಲ. ಚೆಲ್ಲಲು ಮನಸ್ಸು ಬರಲಿಲ್ಲ. ಉಳಿದದ್ದು ಒಂದೇ ದಾರಿ, ಅದು ನನ್ನ ಬಾಯಿ. ನಿನ್ನ ಸಂತೋಷದ ಪತ್ರ ಬಂದಾಗ ಅವಳು ಓದಿ, ನನ್ನ ಬೆಲ್ಟಿನ ಹೊಸ ತೂತು ನೋಡಿ, ಸುಮ್ಮನೆ ಮಡಿಸಿಟ್ಟಳು.

ನಿನ್ನೆ ಗುಂಪಿನಲ್ಲಿ ನಿನ್ನ ಪತ್ರವನ್ನು ಅವಳೇ ಓದುತ್ತೇನೆಂದಳು. ಉಮೇಶ ಬೆನ್ನಿಗೆ ಗುದ್ದಿದ ಜಾಗ ಬಂದಾಗ ಜಯಪ್ರಕಾಶ್ ನಗು ತಡೆಯಲಾಗದೆ ಮೀಸೆ ಕಚ್ಚಿಕೊಂಡರು. ಹರಕೆಯ ಜಾಗಕ್ಕೆ ಬಂದಾಗ ಪತ್ರ ಕೆಳಗಿಟ್ಟು ಹೇಳಿದಳು: "ನಾನು ಊಟ ಬಿಟ್ರೆ ಕಾಯಿಲೆ. ಅಮ್ಮ ಬಿಟ್ರೆ ಹರಕೆ. ಅದು ಹೆಂಗೆ?"

ಡಾಕ್ಟರ್ ನನ್ನ ಕಡೆ ತಿರುಗಿ, "ಒಬ್ಬರು ತಿನ್ನಲಿ ಅಂತ ಇನ್ನೊಬ್ಬರು ಉಪವಾಸ. ಅವರು ನೊಂದ್ಕೊಳ್ಳಬಾರದು ಅಂತ ನೀವು ಮೂರು ಜನರ ಪಾಲು. ಈ ಗುಂಪಲ್ಲಿ ತೂಕ ಹೆಚ್ಚಾಗಿರೋದು ನಿಮ್ಮೊಬ್ಬರದೇ ರಾಜೀವ್" ಎಂದರು. ಆಮೇಲೆ ಮೆತ್ತಗೆ ಇನ್ನೊಂದು ಹೇಳಿದರು. ಬಚ್ಚಿಡಲು ಜೊತೆಗಾರ ಸಿಕ್ಕರೆ ಈ ಕಾಯಿಲೆಗೆ ಅದಕ್ಕಿಂತ ದೊಡ್ಡ ಹಬ್ಬ ಇಲ್ಲವಂತೆ. ಮೂರು ವಾರ ಆ ಜೊತೆಗಾರ ನಾನೇ ಆಗಿದ್ದೆ. ಆವತ್ತು ಉಪ್ಪಿನಕಾಯಿ ಚೆನ್ನಾಗಿತ್ತು ಎಂದು ಬರೆದಿದ್ದೆ, ಇವತ್ತು ಏನೂ ಚೆನ್ನಾಗಿಲ್ಲ.

ಶನಿವಾರ ನೀನು ಬರಬೇಕು. ನಮ್ಮ ಮನೆಯಿಂದ ತಾಯಿ ಮಗಳು ಮಾತ್ರ. ನಾನು ಊರಿಗೆ ಬಂದು ಕಾಫಿ ನೋಡಿಕೊಳ್ಳುತ್ತೇನೆ. ಕೃಷ್ಣಪ್ಪನ ತಲೆಯನ್ನೂ.

ರಾಜೀವ


ಸಂಸೆ
18 ಡಿಸೆಂಬರ್ 2024

ಇವರಿಗೆ,

ಭಾನುವಾರ ಕಳಸ ಬಸ್‌ಸ್ಟ್ಯಾಂಡಿನಲ್ಲಿ ನಾನು ಇಳಿದು ನೀವು ಹತ್ತುವಾಗ ಏನಾಯಿತೆಂದು ಕೇಳಿದಿರಿ. ಬಸ್ಸಿನ ಬಾಗಿಲಲ್ಲಿ ಹೇಳುವ ವಿಷಯವಾಗಿರಲಿಲ್ಲ.

ಕ್ಲಿನಿಕ್ಕಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮತ್ತೆ ಹಾಕಿಕೊಂಡು, ಮತ್ತೆ ಬಿಟ್ಟೆ. ಎಲ್ಲರೂ ದೇವೀರಮ್ಮನ ಪ್ರಶ್ನೆಯನ್ನೇ ಕೇಳುತ್ತಾರೆ, ಏನು ತಿನ್ನಿಸಿ ಬೆಳೆಸಿದೆ ಅಂತ, ಎಂದುಕೊಂಡಿದ್ದೆ. ಇಷ್ಟು ದಿನ ಬರದೇ ಇದ್ದದ್ದಕ್ಕೆ ಕಾಫಿ ಹಣ್ಣಿನ ತಪ್ಪೇನೂ ಇಲ್ಲ. ಯಾರೂ ಕೇಳಲಿಲ್ಲ. ಮಧ್ಯಾಹ್ನ ನಾಲ್ಕೂ ಮನೆಯವರು ಒಟ್ಟಿಗೆ ಊಟಕ್ಕೆ ಕೂರುವುದು ಅಂದರು. ನಾನು ಕೂತೆ. ಸಾರಿನ ಪಾತ್ರೆ ದೂರ ಇತ್ತು, ಎದ್ದೆ. ಕೂತೆ. ಅಶ್ವಿನ್ ತಟ್ಟೆಯಲ್ಲಿ ಪಲ್ಯ ಇರಲಿಲ್ಲ, ಎದ್ದೆ. ನೀರು ತರಲು ಎದ್ದಾಗ ಜಯಪ್ರಕಾಶ್ ಅವರು, "ಅಮ್ಮಾ, ನೀವು ಒಂದ್ ಕಡೆ ಕೂತ್ಕೊಳ್ಳಿ, ನಂಗೆ ತಲೆ ತಿರುಗ್ತಿದೆ" ಅಂದರು.

"ಕೂತ್ರೆ ಬಡಿಸೋರು ಯಾರು?" ಅಂದೆ.

ಆಗ ಧನ್ಯಾ ಹೇಳಿದಳು. "ಅಮ್ಮಾ, ನೀನು ಕೂತು ಉಂಡಿದ್ದನ್ನ ನಾನು ನೋಡೇ ಇಲ್ಲ. ಎಲ್ಲರದ್ದೂ ಆದ್ಮೇಲೆ ಒಲೆ ಪಕ್ಕ ನಿಂತು, ಉಳ್ದಿದ್ದು ತಿಂತೀಯ. ಎಲ್ಲರೂ ನಿನ್ನ ಹೊಗಳ್ತಾರೆ, ತನಗೆ ಅಂತ ಒಂದು ತುತ್ತೂ ಇಟ್ಕೊಳ್ಳಲ್ಲ ಅಂತ. ಕಮ್ಮಿ ತಿಂದಷ್ಟೂ ಒಳ್ಳೆಯವಳು ಅಂತ ನಂಗೆ ಕೂತುಬಿಡ್ತು. ನಿನ್ನ ಕಡುಬು ನಂಗೆ ಎಲ್ಲಕ್ಕಿಂತ ಭಯ. ಒಂದು ತಿಂದ್ರೆ ಸಾಕು ಅನ್ಸಲ್ಲ."

ನನಗೆ ಅಳು ಬಂತು. ನನ್ನಿಂದಲೇ ಆಯಿತಾ ಎಂದು ಡಾಕ್ಟರನ್ನು ಕೇಳಿದೆ. "ಇಲ್ಲ. ಕಾಯಿಲೆ ಯಾರ ಮನೆಗಾದ್ರೂ ಬರುತ್ತೆ. ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ಸೌದೆ ಮಾಡ್ಕೊಳ್ಳುತ್ತೆ. ನಾವು ಒಲೆಯಿಂದ ಸೌದೆ ಹೊರಗೆ ಎಳೆಯೋಣ" ಅಂದರು. ಮಾತು ನನಗೆ ಅರ್ಥವಾಗುವ ಹಾಗೆ ಹೇಳುತ್ತಾರೆ, ನಿಮ್ಮ ಹಾಗಲ್ಲ.

ಆಮೇಲೆ ಕೂತೆ. ಸೀರೆ ಸೆರಗನ್ನು ಕುರ್ಚಿಗೆ ಸಿಕ್ಕಿಸಿಕೊಂಡು ಕೂತೆ, ಎದ್ದರೆ ಹರಿಯಲಿ ಅಂತ. ಇಬ್ಬರೂ ಉಂಡೆವು. ಅವಳು ಅತ್ತಳು, ನನಗೆ ಬೈದಳು, ಎರಡು ಸಲ ತಟ್ಟೆ ತಳ್ಳಿದಳು. ಮುಗಿಸಿದಳು.

ಸೋಮವಾರ ಹರಕೆ ಬಿಡಿಸಿಕೊಳ್ಳಲು ಹೊರನಾಡಿಗೆ ಹೋದೆ. ಕೈಮುಗಿದು ಊಟದ ಸಾಲಿನಲ್ಲಿ ಕೂತಾಗ ಹೊಳೆಯಿತು. ಬಂದವರಿಗೆಲ್ಲ ಅನ್ನ ಹಾಕುವ ದೇವಿಯ ಹತ್ತಿರ ಹೋಗಿ ನಾನು ಅನ್ನ ಬಿಡುತ್ತೇನೆ ಎಂದಿದ್ದೆನಲ್ಲ, ಅವಳಿಗೆ ಎಷ್ಟು ಮುಜುಗರವಾಗಿರಬೇಕು. ಎರಡು ಸಲ ಹಾಕಿಸಿಕೊಂಡು ಉಂಡೆ.

ಇವತ್ತು ಮೂರೇ ಕಡುಬು ಮಾಡಿದೆ. ಒಂದನ್ನು ಇಲ್ಲಿ ನಾನು ತಿಂದೆ, ಮಣೆ ಹಾಕಿಕೊಂಡು ಕೂತು. ಕೃಷ್ಣಪ್ಪ ನೋಡಿ ಹುಷಾರಿಲ್ಲವಾ ಅಮ್ಮ ಅಂತ ಕೇಳಿದ. ಉಳಿದ ಎರಡು ಸಣ್ಣ ಡಬ್ಬಿಯಲ್ಲಿವೆ. ನಿಮ್ಮದನ್ನು ನೀವು ತಿನ್ನಿ. ಅವಳದ್ದು ಹಾಗೇ ವಾಪಸ್ ಬಂದರೂ ಬರಲಿ. ಡಬ್ಬಿ ಸುಳ್ಳು ಹೇಳುವುದು ಬೇಡ.

ಶನಿವಾರ ಏನು ಹೇಳುತ್ತಾರೋ.

ಪವಿತ್ರಾ


ಚಿಕ್ಕಮಗಳೂರು
22 ಡಿಸೆಂಬರ್ 2024

ಪವಿತ್ರಾ,

ಮೊದಲು ಮುಖ್ಯವಾದದ್ದು: ಮಂಗಳೂರು ಬೇಡ, ಸದ್ಯಕ್ಕೆ. ಸದ್ಯಕ್ಕೆ ಎನ್ನುವ ಪದವನ್ನು ಡಾಕ್ಟರ್ ಗೆರೆ ಎಳೆದ ಹಾಗೆ ಹೇಳಿದರು. ಹೃದಯದ ಬಡಿತ ಮೊದಲಿಗಿಂತ ವಾಸಿ. ಶನಿವಾರಗಳು ಇನ್ನೂ ಬಹಳ ಇವೆ. ನಾವಿಬ್ಬರೂ ಸರದಿಯಲ್ಲಿ ಬರಬೇಕು. ವಾಸಿಯಾಗುವ ದಾರಿಯಲ್ಲಿ ಚಾರ್ಮಾಡಿ ಘಾಟಿಗಿಂತ ಹೆಚ್ಚು ತಿರುವುಗಳಿವೆಯಂತೆ, ವಾಂತಿ ಬಂದರೆ ಗಾಬರಿಯಾಗಬಾರದು ಎಂದು ಜಯಪ್ರಕಾಶ್ ಸೇರಿಸಿದರು. ಅಶ್ವಿನ್ ನಕ್ಕ. ಅಪ್ಪನ ಜೋಕಿಗೆ ಅವನು ನಕ್ಕದ್ದು ಅದೇ ಮೊದಲು, ಜಯಪ್ರಕಾಶ್ ಕನ್ನಡಕ ತೆಗೆದು ಒರೆಸಿಕೊಂಡರು.

ಇನ್ನು ನಿನ್ನ ಡಬ್ಬಿ. ಗುರುವಾರ ನನ್ನ ಕಡುಬು ನಾನು ತಿಂದೆ, ಒಂದೇ. ಅವಳದ್ದು ಡಬ್ಬಿಯಲ್ಲೇ ಮುಚ್ಚಳ ತೆರೆದುಕೊಂಡು ಕೂತಿತ್ತು. ಎದುರಿಗೆ ನಾನು ಕೂತಿದ್ದೆ, ಬಾಯಿ ಮುಚ್ಚಿಕೊಂಡು. ನಾಲಿಗೆಯ ತುದಿಗೆ ಬಂದ ಪ್ರಾಸಗಳನ್ನೆಲ್ಲ ನುಂಗಿದೆ. ಅಷ್ಟು ನುಂಗಿದ ಮೇಲೆ ಹೊಟ್ಟೆಯಲ್ಲಿ ಬೇರೆಯದಕ್ಕೆ ಜಾಗವೇ ಇರಲಿಲ್ಲ. ಏನೂ ಆಗಲಿಲ್ಲ. ಶುಕ್ರವಾರ ಹಾಸ್ಟೆಲಿನ ಗೆಳತಿಯ ಫ್ರಿಜ್ಜಿನಲ್ಲಿ ಇಟ್ಟು ಬಂದಳು. ನಿನ್ನೆ ಕ್ಲಿನಿಕ್ಕಿನಿಂದ ಬರುವಾಗ ತಂದು, ಬಿಸಿ ಮಾಡಿ ಕೊಡು ಅಂದಳು.

ಮುಂದಿನದನ್ನು ನಾನು ಬರೆಯುವುದಿಲ್ಲ. ಡಬ್ಬಿಯನ್ನು ಈ ಸಲ ಅವಳೇ ಕಟ್ಟಿದ್ದಾಳೆ, ಉಮೇಶನ ಕೈಗೂ ಅವಳೇ ಕೊಟ್ಟಳು. ನಾನು ಬೆಂಚಿನಿಂದ ದೂರ ನಿಂತಿದ್ದೆ. ಉಮೇಶನೇ ನೋಡಿದ್ದಾನೆ, ಬೇಕಾದರೆ ಕೇಳು.

ರಾಜೀವ


ಸಂಸೆ
23 ಡಿಸೆಂಬರ್ 2024

ಇವರಿಗೆ,

ಡಬ್ಬಿ ಖಾಲಿ ಇರಲಿಲ್ಲ.

ಅರ್ಧ ಕಡುಬು ಇತ್ತು. ಬಿಸಿ ಮಾಡಿ ಕೊಟ್ಟದ್ದು ಆರಿ ಕಲ್ಲಾಗಿತ್ತು. ಒಂದು ಬದಿಗೆ ಸಣ್ಣ ಸಣ್ಣ ಹಲ್ಲಿನ ಗುರುತು, ಇಲಿ ಕಡಿದ ಹಾಗೆ. ನಿಮ್ಮ ಹಲ್ಲು ಅಷ್ಟು ನಾಜೂಕಿಲ್ಲ ಅಂತ ನನಗೆ ಗೊತ್ತು. ಕೆಳಗೆ ಮಡಿಸಿದ ಒಂದು ಚೀಟಿ:

ಅರ್ಧ ನಾನೇ ತಿಂದೆ, ಇನ್ನರ್ಧ ನಿನಗೆ ಅಂದೆ.
ಕೂತು ತಿನ್ನಮ್ಮ. ಇದು ಅಪ್ಪನದಲ್ಲ, ನಂದೇ.

ಬೇಲಿಯ ಆಚೆಯಿಂದ ದೇವೀರಮ್ಮ, "ಎಂಥ ಪವಿತ್ರಾ, ಹೊತ್ತಲ್ಲದ ಹೊತ್ತಲ್ಲಿ ಕೂತು ತಿಂತಿದ್ದೀಯ?" ಎಂದು ಕೇಳಿದಳು.

ಬಾಯಿ ತುಂಬಿತ್ತು, ಉತ್ತರ ಕೊಡಲಿಲ್ಲ.

ಪವಿತ್ರಾ